ಹಿಂದೆ ಕೋಣೆಯಿಲ್ಲದ ಬಾಗಿಲು

ವಿಡಿಯೊ ಆಟಗಳಿಗೆ ಪಾಳು ಕಟ್ಟಡ ಮಾಡಿಕೊಡುವುದು ನನ್ನ ಕೆಲಸ. ಕಂಪ್ಯೂಟರಿನಲ್ಲೇ ಗೋಡೆ ಎಬ್ಬಿಸಿ, ಸುಣ್ಣ ಉದುರಿಸಿ, ಕೊನೆಗೆ ಧೂಳು ಬಳಿಯುತ್ತೇನೆ. ಜನರ ಕೈ ತಾಗುವ ಕಡೆ ಮಾತ್ರ ಧೂಳು ಒರೆಸಬೇಕು. ಇಲ್ಲದಿದ್ದರೆ ಕಟ್ಟಡ ಸುಳ್ಳೆನಿಸುತ್ತದೆ.

ಈ ಸಲದ್ದು ಒಂದು ಹಳೇ ಹಾಸ್ಟೆಲ್. ಅದರ ಮಹಡಿಯ ಕೊನೆಯ ಬಾಗಿಲು ಬರೀ ತೋರಿಕೆಗೆ, ಹಿಂದೆ ಕೋಣೆಯಿಲ್ಲ. ಯಾರೂ ಮುಟ್ಟದ ಬಾಗಿಲೆಂದು ಹಿಡಿಕೆಗೆ ದಪ್ಪಗೆ ಧೂಳು ಬಳಿದಿದ್ದೆ. ಬೆಳಿಗ್ಗೆ ನೋಡಿದರೆ, ವರ್ಷಗಟ್ಟಲೆ ಕೈಬೆವರು ಹತ್ತಿದ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ಮತ್ತೆ ಬಳಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಅದೇ ಹೊಳಪು.

ಆ ಫೈಲ್ ತೆರೆಯಬಲ್ಲವರು ಇಬ್ಬರೇ: ನಾನು, ಮತ್ತು ದೃಶ್ಯಕ್ಕೆ ಬೆಳಕು ಹಾಕುವ ಪಕ್ಕದ ಮೇಜಿನ ಮೀಸೆಯವನು. ಕೀಟಲೆಗೆ ಹೆಸರಾದವನು. ಒಂದು ವಾರ ಅವನ ಹತ್ತಿರ ಮುಖ ಗಂಟಿಕ್ಕಿಕೊಂಡೇ ಇದ್ದು, ಕೊನೆಗೆ ಕೇಳಿಯೇಬಿಟ್ಟೆ.

"ನನ್ನ ಧೂಳಿನ ತಂಟೆಗೆ ಯಾಕೆ ಬರ್ತೀಯ?"

ಅವನು ನಗಲಿಲ್ಲ. "ನೀವೇ ಒರೆಸ್ತಿದ್ದೀರಿ ಅಂದ್ಕೊಂಡಿದ್ದೆ ಅಕ್ಕಾ. ನೀವು ಮನೆಗೆ ಹೋದ್ಮೇಲೆ ನಾನೂ ದಿನಾ ಬಳೀತಿದ್ದೆ."

ಇಬ್ಬರೂ ಸೇರಿ ಬಾಗಿಲನ್ನೇ ಅಳಿಸಿ, ಆ ಜಾಗದಲ್ಲಿ ಗೋಡೆ ಎಬ್ಬಿಸಿದೆವು. ಮರುದಿನ ಗೋಡೆಯ ಧೂಳು ಹಾಗೇ ಇತ್ತು. ಅವನು ಪೀಡೆ ತೊಲಗಿತು ಎಂದ. ನನಗೆ ಮಾತ್ರ ಮನಸ್ಸು ಒಪ್ಪದೆ, ಪರದೆಯ ಮೇಲಿನ ನೋಟವನ್ನು ಗೋಡೆಯ ಆಚೆ ಬದಿಗೆ ತಿರುಗಿಸಿದೆ. ಆಟಗಾರರು ಹೋಗಲಾರದ ಕಡೆ ಅದು, ಬಣ್ಣವನ್ನೂ ಬಳಿದಿರಲಿಲ್ಲ. ಹಿಡಿಕೆ ಇದ್ದ ಎತ್ತರದಲ್ಲೇ ಗೋಡೆ ಕೈಯಾಡಿಸಿದ ಹಾಗೆ ಸವೆದು ನುಣುಪಾಗಿತ್ತು.

ಆ ಕಡೆ ನಿಲ್ಲಲು ನಾನು ನೆಲವನ್ನೇ ಮಾಡಿಲ್ಲ.