ಮುಖ ಅವಳದು, ಬಾಣ ಅವನದು

‘ರೆಕಾರ್ಡಿಂಗ್ ಮತ್ತೆ ಕೆಟ್ಟೋಯ್ತು’ ಎಂದು ಅವನು ಹೇಳಿದಾಗ ಟೀಚರ್ ಕಣ್ಣು ಮುಚ್ಚಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹಣೆಯ ಬೆವರನ್ನು ಕರ್ಚೀಫಿನಿಂದ ಒತ್ತಿಕೊಂಡು, ಒಂದು ಗುಟುಕು ನೀರು ಕುಡಿದು, ‘ನಡೀರಿ ಗುಡುಗಪ್ಪನೋರೇ, ಮೊದ್ಲಿಂದ’ ಎಂದಳು.

ಗುಡುಗು ಅವನ ಅಡ್ಡಹೆಸರು. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತದೆಂದು ದೊಡ್ಡಪ್ಪ ಇಟ್ಟದ್ದು. ಅಪ್ಪ ತೀರಿಕೊಂಡ ವರ್ಷವೇ ಶಾಲೆ ಬಿಡಿಸಿ, ತನ್ನ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ತಂದು ಹಾಕಿಕೊಂಡವನೂ ದೊಡ್ಡಪ್ಪನೇ. ಕಸ ಗುಡಿಸುತ್ತ, ವೈರು ಜೋಡಿಸುತ್ತ, ಕದ್ದು ಕಲಿಯುತ್ತ ಅವನು ಆಳೆತ್ತರ ಬೆಳೆದ. ಬೇರೆ ಕಡೆ ಕೆಲಸ ನೋಡಿಕೊಳ್ಳುತ್ತೇನೆ ಎಂದಾಗಲೆಲ್ಲ ದೊಡ್ಡಪ್ಪನದು ಒಂದೇ ಮಾತು: ‘ನಿನ್ ಮೇಲಿನ ಪ್ರೀತಿಗೇ ಕಣೋ ಇಟ್ಕೊಂಡಿರೋದು. ಹೊರಗಡೆ ನಿನ್ನ ಯಾರು ಮೂಸಿ ನೋಡ್ತಾರೆ?’

ಅದನ್ನು ಕೇಳಿದಾಗಲೆಲ್ಲ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ರೋಷ ಉಕ್ಕುತ್ತಿತ್ತು. ಆದರೆ ರೆಕಾರ್ಡಿಂಗ್ ಕೋಣೆಯ ಗೋಡೆಗೆ ತಲೆ ಚಚ್ಚಿದರೂ ಸದ್ದಾಗುವಂತಿರಲಿಲ್ಲ. ಸುತ್ತಲೂ ಹಳೇ ಹಾಸಿಗೆ ಬಡಿದಿದ್ದರು. ಕಿಟಕಿಯಿಲ್ಲ. ಮೈಕಿಗೆ ಗುಂಯ್ ಅನ್ನುತ್ತದೆಂದು ಫ್ಯಾನೂ ಇಲ್ಲ. ಬಾಗಿಲು ಹಾಕಿಕೊಂಡರೆ ಡಬ್ಬಿಯೊಳಗೆ ಕೂತ ಹಾಗೆ.

ಬ್ರೌಸರಿನಲ್ಲಿ ಒಂದು ಪುಟ ತೆರೆದರೆ ಸಾಕು, ಸ್ಕ್ರೀನೂ ವೆಬ್‌ಕ್ಯಾಮೂ ಒಟ್ಟಿಗೇ ರೆಕಾರ್ಡ್ ಆಗುತ್ತಿದ್ದವು. ದೊಡ್ಡ ಚೌಕದಲ್ಲಿ ಸ್ಪ್ರೆಡ್‌ಶೀಟ್ ಪಾಠ, ಮೂಲೆಯ ಪುಟ್ಟ ವೃತ್ತದಲ್ಲಿ ಟೀಚರ್ ಮುಖ. ಅವಳು ಕ್ಯಾಮೆರಾ ನೋಡುತ್ತ ಮಾತಾಡಬೇಕು. ಪಕ್ಕದಲ್ಲಿ, ಕ್ಯಾಮೆರಾದ ಕಣ್ಣಿಗೆ ಬೀಳದಷ್ಟು ಸರಿದು ಕೂತು, ಮೌಸ್ ಹಿಡಿದು ಸ್ಕ್ರೀನಿನ ಮೇಲಿನ ಬಾಣ ಆಡಿಸುವವನು ಅವನು. ನೋಡುವವರಿಗೆ ಎಲ್ಲ ಅವಳೇ ಮಾಡಿದಂತೆ. ಮುಖ ಅವಳದು, ಬಾಣ ಅವನದು.

ಬಾಣಕ್ಕೆ ಬಾಯಿ ಬಂದದ್ದು ಮೊದಲ ವಾರದಲ್ಲಿ. ಕೂಡಿಸಿ ಅನ್ನುವ ಕಡೆ ಅವಳು ಕಳೆಯಿರಿ ಅಂದುಬಿಟ್ಟಳು. ನಡುವೆ ಮಾತಾಡುವಂತಿಲ್ಲವಲ್ಲ, ಅವನು ಬಾಣವನ್ನೇ ತಲೆಯಾಡಿಸಿದ ಹಾಗೆ ಅತ್ತಿತ್ತ ಅಲ್ಲಾಡಿಸಿದ. ಅವಳು ತುಟಿ ಕಚ್ಚಿದಳು. ಬಾಣ ಮೆಲ್ಲಗೆ ನಡೆದುಹೋಗಿ ವೃತ್ತದ ಅಂಚಿನಲ್ಲಿ, ಅವಳ ಕೆನ್ನೆಯ ಪಕ್ಕದಲ್ಲಿ, ಕೈಕಟ್ಟಿ ನಿಂತವನಂತೆ ನಿಂತಿತು. ಅವಳಿಗೆ ನಗು ತಡೆಯಲಾಗದೆ ಪಾಠ ಕೆಟ್ಟಿತು. ಅಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲಿನದೆಲ್ಲ ಅವನೇ ಬೇಕೆಂದು ಕೆಡಿಸಿದ್ದು. ರೆಕಾರ್ಡಿಗೆ ಇಡೀ ಸ್ಕ್ರೀನಿನ ಬದಲು ಯಾವುದೋ ಖಾಲಿ ವಿಂಡೋ ಆರಿಸುತ್ತಿದ್ದ. ಮೈಕಿಗೆ ಅನುಮತಿ ಕೊಡದೆ ಬಿಡುತ್ತಿದ್ದ. ಪಾಠ ಮುಗಿದರೆ ವಿಡಿಯೋ ಸಾಕು, ಟೀಚರ್ ಬೇಕಿಲ್ಲ ಎಂದು ದೊಡ್ಡಪ್ಪ ಹೇಳಿಯಾಗಿತ್ತು. ಮುಗಿಸಿಕೊಟ್ಟೇ ಹೋಗುತ್ತೇನೆಂದು ಅವಳೂ ಮಾತು ಕೊಟ್ಟಿದ್ದಳು. ಮುಗಿಯದಿದ್ದರೆ ಇರುತ್ತಾಳೆ. ಅಷ್ಟೇ ಅವನ ಬುದ್ಧಿ ಓಡಿದ್ದು.

ಟೀಚರ್ ‘ಮೊದ್ಲಿಂದ’ ಅಂದ ಆ ಮಧ್ಯಾಹ್ನವೇ ಮುಂದಿನ ಕೋಣೆಯ ಪ್ರಿಂಟರ್ ಕೈಕೊಟ್ಟಿತು. ದೊಡ್ಡಪ್ಪ ಅವನನ್ನು ಕರೆದ. ಉಳಿದ ಭಾಗವನ್ನು ಟೀಚರ್ ಒಬ್ಬಳೇ ಮಾಡಿದಳು. ಅವನು ಮರಳಿ ಬಂದಾಗ ಅವಳು ಫೋನ್ ಕೆಳಗಿಟ್ಟು ಮುಖ ಒರೆಸಿಕೊಳ್ಳುತ್ತಿದ್ದಳು. ಕ್ಯಾಮೆರಾದ ದೀಪ ಇನ್ನೂ ಉರಿಯುತ್ತಿತ್ತು. ಅವನು ರೆಕಾರ್ಡಿಂಗ್ ನಿಲ್ಲಿಸುವ ಕೆಂಪು ಗುಂಡಿ ಒತ್ತಿದ.

ಅವಳು ಹೋದ ಮೇಲೆ ವಿಡಿಯೋ ನೋಡಿದಾಗ ತಿಳಿಯಿತು. ಪಾಠ ಮುಗಿಸಿ ಅವಳು ಒತ್ತಿದ್ದು ಬ್ರೌಸರ್ ಕೆಳಗೆ ತೋರಿಸುವ ‘ಹಂಚಿಕೆ ನಿಲ್ಲಿಸಿ’ ಎಂಬುದನ್ನು. ಅದು ಸ್ಕ್ರೀನನ್ನಷ್ಟೇ ನಿಲ್ಲಿಸುತ್ತದೆ. ಪುಟದ ಕೆಂಪು ಗುಂಡಿ ಒತ್ತುವವರೆಗೂ ಕ್ಯಾಮೆರಾ, ಮೈಕು ಓಡುತ್ತಲೇ ಇರುತ್ತವೆ. ಪಾಠದ ಚೌಕ ಕಪ್ಪಾಯಿತು. ಮೂಲೆಯ ವೃತ್ತದಲ್ಲಿ ಅವಳು ಉಳಿದಳು, ಫೋನಿನಲ್ಲಿ ಅಕ್ಕನ ಜೊತೆ.

‘ಇವತ್ತೂ ಎಲ್ಲಾ ಪಾಠ ಮುಗೀಲಿಲ್ಲ ಅಕ್ಕ. ಸೋಮವಾರದೊಳಗೆ ಸೇರ್ದಿದ್ರೆ ಆ ಹೊಸ ಕೆಲಸ ಬೇರೆಯವ್ರಿಗಂತೆ. ಉಸಿರು ಕಟ್ಟತ್ತೆ ಕಣೇ ಈ ಕೋಣೇಲಿ.’ ಆ ಕಡೆಯಿಂದ ಅಕ್ಕ ಏನೋ ಕೇಳಿರಬೇಕು. ‘ಅರ್ಧಕ್ಕೆ ಬಿಟ್ಟು ಬಂದ್ರೆ ಆ ಹುಡುಗನ್ನ ಅವರ ದೊಡ್ಡಪ್ಪ ಸಿಗಿದು ಹಾಕ್ತಾರೆ. ತನ್ನಿಂದ್ಲೇ ಕೆಡ್ತಿದೆ ಅಂತ ಪಾಪ ಅದೆಷ್ಟು ಸಣ್ಣ ಮುಖ ಮಾಡ್ಕೊಂಡಿರ್ತಾನೆ ಗೊತ್ತಾ? ಹೂಂ ಕಣೇ, ಇಷ್ಟ. ಏನೀಗ?’

ಎಷ್ಟು ದಿನದಿಂದ ಹಂಬಲಿಸಿದ ಮಾತು. ತುತ್ತು ಬಾಯಿಗೇ ಬಂದಿತ್ತು. ನುಂಗಲಾಗಲಿಲ್ಲ.

ಬೆಳಿಗ್ಗೆ ಬಾಗಿಲು ಹಾಕುವ ಮೊದಲೇ ಹೇಳಿದ. ಕ್ಯಾಮೆರಾ ಓಡುತ್ತಿದ್ದದ್ದು, ತಾನು ಕೇಳಿಸಿಕೊಂಡದ್ದು, ಆಮೇಲೆ ಅಷ್ಟನ್ನೂ ಅಳಿಸಿಹಾಕಿದ್ದು. ಅವಳ ಕಿವಿಯ ತುದಿ ಕೆಂಪಾಯಿತು. ಓರೆಗಣ್ಣಿನಲ್ಲಿ ಅವನನ್ನು ನೋಡಿ, ನೋಡಿದ್ದನ್ನು ಮರೆಸಲು ಮೈಕಿನ ವೈರು ಸರಿಪಡಿಸತೊಡಗಿದಳು. ಆ ಒಂದು ನೋಟವನ್ನು ಜೇಬಿಗಿಳಿಸಿ ಸುಮ್ಮನಾಗಿಬಿಡಬಹುದಿತ್ತು.

‘ಪಾಠ ತಾನಾಗೇ ಕೆಡ್ತಿರ್ಲಿಲ್ಲ ಟೀಚರ್. ನಾನೇ ಕೆಡಿಸ್ತಿದ್ದೆ.’

ವೈರಿನ ಮೇಲಿದ್ದ ಬೆರಳು ಅಲ್ಲೇ ನಿಂತಿತು.

‘ಯಾಕೆ?’

‘ಮುಗಿದ್ರೆ ನೀವು ಹೋಗಿಬಿಡ್ತೀರಲ್ಲ.’

ಅವಳು ನೀವು ಎನ್ನುವುದನ್ನು ಬಿಟ್ಟದ್ದು ಆಗಲೇ. ‘ಕೂಡಿಹಾಕಿದ್ಯಲ್ಲೋ ನನ್ನ. ನಾನು ನೋಡಿದ್ರೆ ನಿನಗೋಸ್ಕರ ಅಯ್ಯೋ ಪಾಪ ಅಂತಿದ್ದೆ. ಇದನ್ನ ಪ್ರೀತಿ ಅಂತ ಯಾರು ಕಲಿಸಿದ್ರು ನಿಂಗೆ?’

ಯಾರು ಕಲಿಸಿದ್ದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಲಿಸಿದವನು ಮುಂದಿನ ಕೋಣೆಯಲ್ಲಿ ಕೂತು ಕೆಮ್ಮುತ್ತಿದ್ದ.

ಅಂದು ಒಂದೂ ತಪ್ಪಿಲ್ಲದೆ ರೆಕಾರ್ಡಿಂಗ್ ನಡೆಯಿತು. ಅವಳು ಅವನ ಕಡೆ ತಿರುಗಲಿಲ್ಲ. ಬಾಣ ಹೇಳಿದ ಕಡೆ ಹೋಯಿತು, ಹೇಳಿದ ಕಡೆ ನಿಂತಿತು. ಸಂಜೆಯೊಳಗೆ ಪಾಠಗಳೆಲ್ಲ ಮುಗಿದವು. ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು ಅವಳು ತಗ್ಗಿದ ದನಿಯಲ್ಲಿ, ‘ಬಾ ಅಂತ ಕರೆಯಲ್ಲ ನಾನು. ಕರೆದ್ರೆ ನಾನೂ ನಿನ್ನ ಕಟ್ಟಿಹಾಕಿದ ಹಾಗಾಗತ್ತೆ’ ಎಂದಳು. ಮೆಟ್ಟಿಲಿಳಿದು ಹೋದಳು.

ದೊಡ್ಡಪ್ಪ ತಲೆಯೆತ್ತದೆ, ಮುಂದಿನ ವಾರ ಟೈಪಿಂಗ್ ಪಾಠಕ್ಕೆ ಬೇರೊಬ್ಬರು ಬರುತ್ತಾರೆ, ಕೋಣೆ ಗುಡಿಸಿಡು ಎಂದ. ಗುಡುಗು ಗುಡುಗಲಿಲ್ಲ. ತನಗೇ ಆಶ್ಚರ್ಯವಾಗುವಷ್ಟು ತಣ್ಣಗೆ, ತಾನು ಕೆಲಸ ಬಿಟ್ಟು ಹೊರಟೆನೆಂದು ಹೇಳಿದ.

‘ಎಲ್ಲಿಗೋ ಹೋಗ್ತೀಯ? ನಿನ್ ಮೇಲಿನ ಪ್ರೀತಿಗೆ ನಾನು...’

‘ಗೊತ್ತು ದೊಡ್ಡಪ್ಪ. ನನಗೂ ಅಂಥದೇ ಪ್ರೀತಿ ಬಂದಿತ್ತು. ಅದು ಒಳ್ಳೇದಲ್ಲ.’

ದೊಡ್ಡಪ್ಪ ಕೂಗಾಡಿದ, ಅನ್ನದ ಋಣ ನೆನಪಿಸಿದ, ಕೊನೆಗೆ ಮೇಜಿನಡಿ ಚಪ್ಪಲಿಗೆ ತಡಕಾಡಿದ. ಅಷ್ಟರಲ್ಲಿ ಅವನು ಬೀದಿಯಲ್ಲಿದ್ದ. ಹಾಸಿಗೆ ಬಡಿಯದ ಜಗತ್ತಿನ ಸದ್ದೆಲ್ಲ ಒಮ್ಮೆಗೇ ಕಿವಿಗೆ ನುಗ್ಗಿತು.

ಬಸ್‌ಸ್ಟಾಪಿನಲ್ಲಿ ಅವಳಿದ್ದಳು. ಅವನನ್ನು ಕಂಡು ಬೇಕೆಂದೇ ರಸ್ತೆಯ ಆ ತುದಿಗೆ ಮುಖ ತಿರುಗಿಸಿದಳು. ಅವನು ಮಾರು ದೂರದಲ್ಲೇ ನಿಂತ. ಬಸ್ಸು ಬಂತು. ಹತ್ತಿರ ಹೋಗಲು ಧೈರ್ಯವಾಗದೆ, ನಿಂತಲ್ಲಿಂದಲೇ, ತಾನೂ ಇದರಲ್ಲಿ ಬರಬಹುದೇ ಎಂದು ಕೇಳಿದ.

ಅವಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ತುಟಿಯಂಚು ಅವಳ ಮಾತು ಕೇಳದೆ ಅಲುಗಿತು.

‘ಬಸ್ಸೇನು ನಮ್ಮಪ್ಪಂದಾ? ಹತ್ತು.’