ಅವಳ ಕೋಡ್ ನನಗೆ ಬೇಡ!

"ಇದು ನೀವು ಬರೆದಿದ್ದಲ್ಲ, ಅಲ್ವಾ?"

ಬೆನ್ನ ಹಿಂದಿನ ದನಿಗೆ ಅವಳು ಬೆಚ್ಚಿದಳು. ಕಂಪನಿಗೆ ಹೊಸದಾಗಿ ಸೇರಿದ ವಕೀಲ! ಅವಳು ವರ್ಷವಿಡೀ ಕೂತು ಮಾಡಿದ, ಮಕ್ಕಳು ಚಿತ್ರ ಬಿಡಿಸುವ ಆ್ಯಪ್ ಸದ್ಯದಲ್ಲೇ ಮಾರಾಟಕ್ಕೆ ಹೋಗಬೇಕಿತ್ತು. ಆತ ಬೆರಳು ತೋರಿಸಿದ್ದು ಅದರ ಬ್ರಷ್ ಓಡಿಸುವ ಕೋಡ್‌ನತ್ತ.

"ಆ್ಯಪ್ ಮಾಡೋ ಟೂಲ್ ಕೊಂಡಾಗ ಜೊತೆಗೆ ಬಂದ ಮಾದರಿ ಕೋಡ್ ಅದು. ಪುಕ್ಕಟೆ!"

"ಕಲಿಯೋಕೆ ಪುಕ್ಕಟೆ. ಮಾರೋಕೆ ಬರೆದವರ ಒಪ್ಪಿಗೆ ಬೇಕು. ಇಲ್ದಿದ್ರೆ ಬಿಡುಗಡೆ ಇಲ್ಲ." ಅವಳ ಮುಖ ಬಾಡಿದ್ದು ಕಂಡು ಆತನ ದನಿ ಮೆತ್ತಗಾಯಿತು. "ಹೆದರಬೇಡಿ. ಬರೆದಾಕೆಯನ್ನ ನಾನೇ ಕೇಳ್ತೀನಿ."

ಆ ಮೆತ್ತನೆ ದನಿಗೇ ಅವಳು ಸೋತುಹೋದಳು. ಆದರೆ... ಬರೆದಾಕೆ?

ಅಂದಿನಿಂದ ಶುರುವಾಯಿತು ನೋಡಿ! ಹೊತ್ತಿಲ್ಲ ಗೊತ್ತಿಲ್ಲ, ಫೋನೇ ಫೋನು. ಗಾಜಿನ ಕೋಣೆಯೊಳಗೆ ಆತ ನಗುವುದೇನು, ನಾಚುವುದೇನು! ಹೊರಗೆ ಕೂತ ಇವಳ ಹೊಟ್ಟೆಯಲ್ಲಿ ಬೆಂಕಿ. 'ಒಪ್ಪಿಗೆ ಕೇಳೋಕೆ ಇಷ್ಟೊಂದು ಹಲ್ಲು ಕಿರೀಬೇಕಾ?'

ಸಾಲದ್ದಕ್ಕೆ ಒಂದು ದಿನ ಆತನೇ ಬಂದು, "ಎಂಥ ಚೆಂದ ಬರೀತಾರೆ ರೀ ಆಕೆ!" ಎಂದ.

ಅಷ್ಟೇ. ಆಕೆಯ ಕೋಡನ್ನು ಒಂದು ಸಾಲೂ ಬಿಡದೆ ಅಳಿಸಿದಳು. ಕಣ್ಣೊರೆಸಿಕೊಳ್ಳುತ್ತಲೇ ಬೇರೆಯದೇ ದಾರಿ ಹುಡುಕಿ, ಬ್ರಷ್ಷನ್ನು ತಾನೇ ಹೊಸದಾಗಿ ಬರೆದಳು. ಹಟಕ್ಕೆ ಬಿದ್ದರೆ ಅವಳು ಯಾರ ಮಾತೂ ಕೇಳುವವಳಲ್ಲ.

ಬರೆದು ಮುಗಿಸುವ ಹೊತ್ತಿಗೆ ಆತ ಓಡಿಬಂದ. "ಒಪ್ಪಿದ್ರು!"

"ನಂಗೆ ಬೇಕಾಗಿಲ್ಲ. ಅವಳ ಕೋಡ್ ಕಿತ್ತೆಸೆದೆ!"

"ಅಯ್ಯೋ, ಯಾಕೆ?"

"ಹೊಟ್ಟೆಕಿಚ್ಚು ಕಣ್ರೀ, ಹೊಟ್ಟೆಕಿಚ್ಚು! ನೀವು ಅವಳ ಜೊತೆ ನಗೋದು ನನ್ ಕೈಲಿ ನೋಡೋಕಾಗಲ್ಲ!" ಎಂದವಳು ಬಿಕ್ಕಿದಳು.

ಆತ ಪಕ್ಕದ ಕುರ್ಚಿಯಲ್ಲಿ ಕುಸಿದ. "ಆಕೆ ಮೊದಲು ಸುತಾರಾಂ ಒಪ್ಲಿಲ್ಲ. ನಿಮಗೇನು ಇಷ್ಟು ಆಸಕ್ತಿ ಅಂದ್ರು. ಈ ಆ್ಯಪ್ ಮಾಡಿದ ಹುಡುಗಿ ಅಂದ್ರೆ ನಂಗೆ ಪ್ರಾಣ ಅಂದ್ಬಿಟ್ಟೆ... ಆವತ್ತಿಂದ ಗಂಡ ಹೆಂಡ್ತಿ ಇಬ್ರೂ ಫೋನ್ ಮಾಡಿ, 'ಅವಳಿಗೆ ಹೇಳಿದ್ಯಾ, ಹೇಳಿದ್ಯಾ' ಅಂತ ಒಂದೇ ಸಮ ರೇಗಿಸ್ತಿದ್ದಾರೆ."

ಅವಳ ಅಳು ಗಕ್ಕನೆ ನಿಂತಿತು. ಗಂಡ ಹೆಂಡತಿ!

"ಹಾಗಾದ್ರೆ ಆಕೆ ಕೋಡ್ ವಾಪಸ್ ಹಾಕ್ತೀಯಾ?" ಎಂದ, 'ನೀವು' ಬಿಟ್ಟು.

"ಊಹೂಂ. ನಂದೇ ಇರ್ಲಿ!"

ಅಷ್ಟರಲ್ಲಿ ಆತನ ಫೋನ್ ರಿಂಗಾಯಿತು. ಅದೇ ಹೆಂಗಸು. ಆತ ಕೈಚಾಚುವ ಮೊದಲೇ ಇವಳು ಎತ್ತಿಕೊಂಡಳು. ಮೂಗು ಒರೆಸಿಕೊಂಡು, ಮೆಲ್ಲಗೆ ಅಂದಳು:

"ಹೇಳಿದ್ರು... ಅಕ್ಕಾ."