ಕೊಯ್ಯದೆ ಬಿಟ್ಟ ಹಿಡಿ ತೆನೆ

"ಹೊಲದ ಮೂಲೇಲಿ ಒಂದು ಹಿಡಿ ತೆನೆ ಕೊಯ್ಯದೆ ಬಿಟ್ಟಿದೀವಲ್ಲ, ಅದನ್ನ ಮಾತ್ರ ಮುಟ್ಬೇಡ ಮಗಳೇ," ಎಂದಳು ಪರಸ್ಕೇವಾ, ಎಲೆಕೋಸು ಹೆಚ್ಚುತ್ತಿದ್ದ ಕೈ ನಿಲ್ಲಿಸದೆ.

ಸೊಸೆ ಯುಸ್ತಿನಾ ಕಿಟಕಿಯಾಚೆ ನೋಡಿದಳು. ಬರ್ಚ್ ಮರಗಳ ಕೊನೆಯ ಎಲೆಗಳೂ ಉದುರಿದ್ದವು. ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾದ ಬೋಳು ಹೊಲದ ಅಂಚಿನಲ್ಲಿ ರೈ ಎಂಬ ಧಾನ್ಯದ ಪೈರಿನ ಒಂದೇ ಒಂದು ಹಿಡಿ ನಿಂತಿತ್ತು. ಯಾರೋ ಅದನ್ನು ನಡುವಿನಲ್ಲಿ ತಿರುಚಿ, ಬಗ್ಗಿಸಿ, ಗಂಟು ಹಾಕಿದ್ದರು.

"ಅಷ್ಟೊಂದು ಭಯ ಯಾಕ್ರೀ? ಅದೇನು ಕಚ್ಚುತ್ತಾ?"

"ಅದು ಮಾಟದ ಗಂಟು. ಆಗದೋರು ಯಾರೋ ಬಂದು ಕಟ್ಟಿ, ಉಗುಳಿ ಹೋಗಿದಾರೆ. ಬಿಚ್ಚಿದ ಕೈಗೆ ಯಾವುದು ಪ್ರಾಣಾನೋ ಅದನ್ನೇ ಎತ್ಕೊಂಡು ಹೋಗುತ್ತೆ. ಕ್ರಿಸ್ತ ಜನ್ಮದ ಹಬ್ಬಕ್ಕೆ ಮುಂಚೆ ಪಾದ್ರಿಗಳು ಬಂದು ಸುಡ್ತೀನಿ ಅಂದಿದಾರೆ. ಅಲ್ಲೀವರೆಗೂ ಇರ್ಲಿ."

ಯುಸ್ತಿನಾ ನಕ್ಕಳು. "ವಾರ್ಸಾ ಪಟ್ಟಣದ ಹೊಲಿಗೆ ಅಂಗಡೀಲಿ ಗಂಟು ಬಿಚ್ಕೊಂಡೇ ಹೊಟ್ಟೆ ಹೊರೆದೋಳು ನಾನು. ನಿಮ್ಮ ಲೆಕ್ಕದಲ್ಲಿ ಎಷ್ಟು ಸಲ ಸಾಯ್ಬೇಕಿತ್ತೋ! ಬೇಕಾದ್ರೆ ಅದಕ್ಕೂ ಒಂದು ಬಟ್ಟಲು ಎಲೆಕೋಸು ಇಟ್ಟು ಬನ್ನಿ."

"ನಗು, ನಗು. ಹಲ್ಲಿಗೆ ಚಳಿ ಹಿಡಿಯುತ್ತೆ," ಎಂದು ಮುದುಕಿಯೂ ನಕ್ಕಳು. ಸೊಸೆ ಕೂರಲು ಬಂದಾಗ ಮಾತ್ರ ಅವಸರದಿಂದ ಬಾಗಿ, ಗೋಡೆಗೊರಗಿದ ಮರದ ಬೆಂಚಿನ ಮೇಲೆ ಉಫ್ ಎಂದು ಊದಿದಳು. "ಏನ್ರೀ, ಸ್ವಲ್ಪ ಸರ್ಕೊಳ್ಳಿ. ನಿಮ್ಮ ಸೊಸೆ ಎರಡು ಜೀವದೋಳು, ಜಾಗ ಜಾಸ್ತಿ ಬೇಕು."

ತೀರಿಹೋದ ಮಾವನೊಡನೆ ಆಡಿದ ಮಾತು ಅದು. ಸತ್ತವರು ಮೈ ಕಾಯಿಸಿಕೊಳ್ಳಲು ಬರುವ ಕಾಲದಲ್ಲಿ ಊದದೆ ಕೂತರೆ ಅವರ ಮೇಲೆ ಕೂತಂತೆ ಎಂಬುದು ಆ ಊರಿನ ನಂಬಿಕೆ. "ಧೂಳಿದ್ರೆ ಬಟ್ಟೇಲಿ ಒರೆಸಿ, ಪರಸ್ಕೇವಾ ಅವ್ರೇ," ಎಂದಳು ಯುಸ್ತಿನಾ. ಮದುವೆಯಾದ ಮೇಲೆ ಒಮ್ಮೆಯೂ ಅವಳ ಬಾಯಲ್ಲಿ ಅಮ್ಮ ಎಂಬ ಮಾತು ಬಂದಿರಲಿಲ್ಲ. ಹಾಗೆ ಕರೆ ಎಂದು ಮುದುಕಿ ಕೇಳಿಯೂ ಇರಲಿಲ್ಲ.

ಗಂಡ ಬಜ಼ೀಲಿ ಮರ ಕಡಿಯಲು ದೂರದ ಕಾಡಿಗೆ ಹೋಗಿದ್ದ. ಹಬ್ಬಕ್ಕೇ ಅವನು ಮರಳುವುದು. ಯುಸ್ತಿನಾಳಿಗೆ ಏಳು ತಿಂಗಳು ತುಂಬಿತ್ತು. ಮೊದಲಿನ ಕೂಸು ಉಸಿರಿಲ್ಲದೆ ಹುಟ್ಟಿತ್ತು. ಅದಕ್ಕೆಂದು ಅವಳು ಒಂದು ಟೋಪಿಯನ್ನೂ ಹೊಲಿದಿಟ್ಟಿರಲಿಲ್ಲ. ಆ ನೋವು ಅವಳನ್ನು ಬಿಟ್ಟಿರಲಿಲ್ಲ. ಈ ಸಲ ಹಬ್ಬಕ್ಕೆ ತೊಟ್ಟಿಲ ಮೇಲೆ ಹುಲ್ಲಿನ ತೂಗುಗೊಂಚಲು ಕಟ್ಟಬೇಕು. ಉಸಿರು ಸೋಕಿದರೆ ಸಾಕು, ಅದು ತಿರುಗಬೇಕು ಎಂಬುದು ಅವಳ ಆಸೆ.

ಬಣವೆಯ ಹುಲ್ಲೆಲ್ಲ ಒಕ್ಕಣೆಯಲ್ಲಿ ಜಜ್ಜಿಹೋಗಿತ್ತು. ಗೊಂಚಲಿಗೆ ಬೇಕಾದದ್ದು ನೆಟ್ಟಗಿನ, ಟೊಳ್ಳಾದ, ಬಂಗಾರದ ಬಣ್ಣದ ಕಡ್ಡಿ. ಅಂಥದ್ದು ಇದ್ದದ್ದು ಒಂದೇ ಕಡೆ.

ಅತ್ತೆ ಹಸುವಿನ ಕೊಟ್ಟಿಗೆಗೆ ಹೋದದ್ದನ್ನು ನೋಡಿಕೊಂಡು ಅವಳು ಹೊಲಕ್ಕಿಳಿದಳು. ಗಂಟು ಹಸಿಯಾಗಿತ್ತು. ಸುತ್ತಲ ನೆಲವೆಲ್ಲ ಕಲ್ಲಾಗಿದ್ದರೂ ಗಂಟು ಮಾತ್ರ ಬೆಚ್ಚಗಿತ್ತು, ನಾಯಿಯ ಬಾಯಿಯ ಹಾಗೆ. ಪಳಗಿದ ಬೆರಳುಗಳು ಸಡಿಲಿಸಿದವು. ಹುಲ್ಲು ಬಿಚ್ಚಿಕೊಳ್ಳುವಾಗ ಯಾರೋ ಬಹಳ ಹೊತ್ತು ಹಿಡಿದಿಟ್ಟ ಉಸಿರು ಬಿಟ್ಟಂತಾಯಿತು. ಗಾಳಿಯಿರಬೇಕು ಎಂದುಕೊಂಡಳು. ಮರಗಳ ರೆಂಬೆ ಅಲುಗಿರಲಿಲ್ಲ.

ಮಧ್ಯಾಹ್ನ ಕಳೆಯುವ ಮೊದಲೇ ಕತ್ತಲಾಯಿತು. ಅವಳು ಕೊಯ್ದು ತಂದ ಕಡ್ಡಿಗಳು ಬಿಸಿನೀರಿನ ಬೋಗುಣಿಯಲ್ಲಿ ನೆನೆಯುತ್ತಿದ್ದವು. ಅಡಿಗೆಮನೆಯ ತುಂಬ ಸೀದ ರೊಟ್ಟಿಯ ವಾಸನೆ. ಒಲೆಯಲ್ಲಿ ರೊಟ್ಟಿಯಿರಲಿಲ್ಲ. ಯುಸ್ತಿನಾಳ ಬಲಗೈಯ ಬೆರಳುಗಳು ಮರಗಟ್ಟಿದವು. ಆಗ ಅವಳಿಗೆ ಹೊಳೆಯಿತು: ಹೊಲದಿಂದ ಬಂದ ಮೇಲೆ ಮಗು ಒದ್ದಿಲ್ಲ.

ಹೊಟ್ಟೆಯ ಮೇಲೆ ಕೈಯಿಟ್ಟಳು. ಮಗ್ಗುಲು ಬದಲಿಸಿದಳು. ತಣ್ಣೀರು ಕುಡಿದಳು. ಏನೂ ಇಲ್ಲ. ಹೊಟ್ಟೆ ಚೀಲದ ಹಾಗೆ ಭಾರವಾಗಿ, ಸುಮ್ಮನೆ ಇತ್ತು.

ಹಾಲಿನ ತಂಬಿಗೆ ಹಿಡಿದು ಒಳಬಂದ ಪರಸ್ಕೇವಾ ಬೋಗುಣಿ ನೋಡಿದಳು. ಸೊಸೆಯ ಮುಖ ನೋಡಿದಳು. ಬೈಯಲಿಲ್ಲ.

"ಯಾವ ಕೈಲಿ ಬಿಚ್ಚಿದೆ?"

"ಇದರಲ್ಲಿ... ಮಗು ಅಲುಗ್ತಾ ಇಲ್ಲ. ಅಲುಗ್ತಾನೇ ಇಲ್ಲ!"

"ಅಳ್ಬೇಡ. ಅತ್ರೆ ಅದಕ್ಕೆ ದಾರಿ ಗೊತ್ತಾಗುತ್ತೆ."

ಅಷ್ಟರಲ್ಲಿ ಹೊರಗೆ ಸದ್ದು. ಒಣ ಹುಲ್ಲನ್ನು ಎಳೆದುಕೊಂಡು ಬರುವ ಸದ್ದು. ಅಂಗಳಕ್ಕೆ ಬಂತು. ಹಸು ಒಂದು ಸಲ ಕೂಗಿತು, ಮತ್ತೆ ಕೂಗಲಿಲ್ಲ. ಮೆಟ್ಟಿಲಿಗೆ ಬಂತು. ಬಾಗಿಲನ್ನು ಕೆರೆಯಿತು. ಮೂಲೆಯ ದೇವರ ಪಟದ ಮುಂದಿನ ದೀಪದ ಕುಡಿ ಬಾಗಿತು. ಚಿಲಕ ತಾನಾಗಿ ಮೇಲೆದ್ದಿತು. ಇಳಿಯಿತು. ಮತ್ತೆ ಎದ್ದಿತು.

ಪರಸ್ಕೇವಾ ನೆನೆದ ಕಡ್ಡಿಗಳನ್ನು ಎತ್ತಿ ತನ್ನ ಬಲ ಮಣಿಕಟ್ಟಿಗೆ ಸುತ್ತಿದಳು. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿದಳು. ದೇವಮಾತೆಯ ಪಟಕ್ಕೆ ಬಾಗಿ, "ತಾಯಿ, ಜೀವನದಲ್ಲಿ ಇದೊಂದು ಸಲ ಸುಳ್ಳು ಹೇಳ್ತೀನಿ, ಕ್ಷಮಿಸು," ಎಂದಳು. ಶಿಲುಬೆಯ ಗುರುತು ಮಾಡಿಕೊಂಡಳು.

"ಬೇಡ! ಬಾಗಿಲು ತೆಗೀಬೇಡಿ!"

"ಒಲೆ ಆರದ ಹಾಗೆ ನೋಡ್ಕೋ, ಮಗಳೇ. ಎಲೆಕೋಸಿಗೆ ಉಪ್ಪು ಇನ್ನೂ ಹಾಕಿಲ್ಲ."

ಬಾಗಿಲು ತೆರೆಯಿತು. ಕತ್ತಲು. ಸೀದ ವಾಸನೆ. ಆ ಕತ್ತಲಿಗೆ ಮುದುಕಿ, ನೆರೆಯವಳೊಡನೆ ಜಗಳಕ್ಕೆ ನಿಂತವಳ ಹಾಗೆ ಹೇಳಿದಳು: "ಆ ಹುಡುಗಿ ಪೇಟೆಯೋಳು, ಅವಳಿಗೇನು ಗೊತ್ತು? ಬಿಚ್ಚಿದ್ದು ನಾನು. ನನಗೆ ನನ್ನ ಜೀವಾನೇ ಪ್ರಾಣ. ನೋಡು, ಕೈ ನೋಡು."

ಬಾಗಿಲು ಬಡಿದುಕೊಂಡಿತು. ಹುಲ್ಲಿನ ಸದ್ದು ದೂರವಾಯಿತು. ಅದರ ಜೊತೆ ಮುದುಕಿಯ ಹಳೆಯ ಬೂಟುಗಳ ಸದ್ದು. ದೂರ. ಇನ್ನೂ ದೂರ. ನಿಂತಿತು.

ಹೊಟ್ಟೆಯೊಳಗೆ ಕೂಸು ಜೋರಾಗಿ ಒದೆಯಿತು.

ಯುಸ್ತಿನಾ ಲಾಟೀನು ಹಿಡಿದು ಓಡಿದಳು. ವರ್ಷದ ಮೊದಲ ಹಿಮ ಬೀಳುತ್ತಿತ್ತು. ಹೊಲದ ಮೂಲೆಯಲ್ಲಿ, ತೆನೆ ನಿಂತಿದ್ದ ಜಾಗದಲ್ಲೇ, ಪರಸ್ಕೇವಾ ಮಂಡಿಯೂರಿ ಕೂತಿದ್ದಳು, ಕಳೆ ಕೀಳುವವಳ ಹಾಗೆ. ರೆಪ್ಪೆಯ ಮೇಲೆ ಬಿದ್ದ ಹಿಮ ಕರಗಲಿಲ್ಲ. ಮಣಿಕಟ್ಟಿನ ಗಂಟು ಬೂದಿಯಾಗಿತ್ತು.

"ಅಮ್ಮ," ಎಂದಳು ಯುಸ್ತಿನಾ. ಮತ್ತೆ ಮತ್ತೆ ಅಂದಳು. ಕೇಳಬೇಕಾದ ಕಿವಿ ತಣ್ಣಗಾಗಿತ್ತು.

ಕ್ರಿಸ್ತ ಜನ್ಮದ ಮುನ್ನಾ ಸಂಜೆ ಬಜ಼ೀಲಿ ಊರ ಪದ್ಧತಿಯಂತೆ ಮೇಜಿನ ಮೇಲೆ ಹುಲ್ಲು ಹಾಸಿ, ಅದರ ಮೇಲೆ ಬಿಳಿ ಬಟ್ಟೆ ಹರವಿದ. ಬೇಯಿಸಿದ ಗೋಧಿಗೆ ಜೇನು, ಗಸಗಸೆ ಕಲಸಿದ. ತಾಯಿಯ ಚಮಚವನ್ನೂ ತಂದಿಟ್ಟು, ಅತ್ತ ತಿರುಗಿ ನಿಂತು ಮುಖ ಒರೆಸಿಕೊಂಡ. ಮುದುಕಿ ಹೆಚ್ಚಿಟ್ಟಿದ್ದ ಎಲೆಕೋಸು ಉಪ್ಪಿನಲ್ಲಿ ಹುಳಿಬಂದಿತ್ತು; ಅದನ್ನು ಬಡಿಸುವ ಯುಸ್ತಿನಾಳ ಮರಗಟ್ಟಿದ ಬಲಗೈ ಇನ್ನು ಸೂಜಿ ಹಿಡಿಯಲಾರದು. ತೊಟ್ಟಿಲ ಮೇಲೆ ಗೊಂಚಲು ಇರಲಿಲ್ಲ.

ಯುಸ್ತಿನಾ ತುಂಬಿದ ಹೊಟ್ಟೆಯನ್ನು ಹಿಡಿದುಕೊಂಡು, ಕಷ್ಟಪಟ್ಟು ಬಾಗಿ, ಬೆಂಚಿನ ಮೇಲೆ ಮೆಲ್ಲಗೆ ಊದಿದಳು.

"ಅಮ್ಮ, ಒಂಚೂರು ಸರ್ಕೋ," ಎಂದಳು. "ನಿನ್ನ ಮೊಮ್ಮಗು ಕೂತ್ಕೋಬೇಕಂತೆ."

ಜಾಗ ಆಗುವವರೆಗೂ ಕಾದಳು. ಆಮೇಲೆ ಕೂತಳು.